ದುರುಗಪ್ಪ ನಾಯಕನ ಮುರಿದ ಕಾಲು

ಗಂಗಾವತಿಯ ಒಂದು ಮೂಳೆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವುದು, ಮೂಳೆ ಕೂಡಿದ ಮೇಲೆ ಅದನ್ನು ಕೊಯ್ದು ತೆಗೆಯುವುದು ಹಾಲೇಶನ ಕೆಲಸ. ಬಹಳ ವರ್ಷ ಇದನ್ನೇ ಮಾಡಿದ್ದರಿಂದ ಊರವರನ್ನು ಅವನು ಮುಖಕ್ಕಿಂತ ಮೊದಲು ಮೊಣಕಾಲಿನಿಂದ ಗುರುತು ಹಿಡಿಯುತ್ತಾನೆ. ಅವನ ಜೊತೆ ಸಿನಿಮಾಕ್ಕೆ ಹೋಗುವವರಿಲ್ಲ. ಹೀರೊ ಮಾಳಿಗೆಯಿಂದ ಜಿಗಿದು ಓಡತೊಡಗಿದರೆ, "ಹಿಮ್ಮಡಿ ಪುಡಿಯಾತು, ಇನ್ನ ಏಳಂಗಿಲ್ಲ ಅಂವಾ" ಎಂದು ಕತ್ತಲಲ್ಲೇ ಹಿಂದಿನ ಸಾಲಿಗೂ ಕೇಳುವಂತೆ ಘೋಷಿಸುತ್ತಾನೆ.

ಇಂಥವನು ಆಟ ಹೂಡಿದರೆ ಹೇಗಿರಬೇಕು? ಭಾನುವಾರ ಮಧ್ಯಾಹ್ನ ಹುಸೇನಬಾಷಾನ ಮೋಟಾರು ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಗೆಳೆಯರೆಲ್ಲ ಸೇರುತ್ತಾರೆ. ಹಾಲೇಶ ಕಥೆ ಹೇಳುತ್ತಾನೆ: ಹೇಮಗುಡ್ಡದ ಮೇಲೊಂದು ಕೋಟೆ, ಸುತ್ತ ಶತ್ರು. ಉಳಿದವರಿಗೆ ತಲೆಗೊಬ್ಬ ವೀರ. ತನ್ನ ವೀರ ಏನು ಮಾಡುತ್ತಾನೆಂದು ಅವರವರೇ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಆರು ಕವಡೆಗಳು ತೀರ್ಮಾನಿಸುತ್ತವೆ: ಅಂಗಾತ ಬಿದ್ದಷ್ಟೂ ಒಳ್ಳೆಯದು. ಹಾಲೇಶ ಫೋನಿನಲ್ಲಿ ನೋಡಿ ಕಲಿತ ಆಟವಿದು. ಅಲ್ಲಿ ಈಟಿ ತಿಂದ ವೀರ ಒಂದು ರಾತ್ರಿ ಮಲಗಿದರೆ ನೆಟ್ಟಗಾಗುತ್ತಿದ್ದ. ಅದನ್ನು ಕಂಡು ಮೈಯುರಿದು ಹಾಲೇಶ ತನ್ನದೇ ಕಾಯಿದೆ ಮಾಡಿದ. ಯಾವ ಮೂಳೆಗೆ ಎಷ್ಟು ದಿನ, ಆಮೇಲೆ ವೀರ ಏನು ಮಾಡುತ್ತಾನೆ ಎಂದು ರಟ್ಟಿನ ಮೇಲೆ ಬರೆದು ಗೋಡೆಗೆ ಹೊಡೆದ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ವೀರನಿಗೆ ಎಲ್ಲಿ ಪೆಟ್ಟೋ ಆಟಗಾರನಿಗೂ ಅಲ್ಲೇ ನಿಜವಾದ ಬ್ಯಾಂಡೇಜು! ಹೈಸ್ಕೂಲಿನ ವಾಣಿಶ್ರೀ ಟೀಚರು ಬಲಗೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಎಡಗೈಲಿ ಮಿರ್ಚಿ ತಿಂದದ್ದುಂಟು.

"ಐತವಾರ ಒಂದಿನರ ವೀರರಂಗ ಇರಾಕ ಬಿಡ್ರಿ," ಎಂದು ಅವರ ತಕರಾರು. "ಉಳದ ದಿನಾ ನಾವು ಮನಷ್ಯಾರ ಆಗಿರ್ತೀವಿ."

ಗೌರೀಶನನ್ನು ಆಟಕ್ಕೆ ತಂದವನೂ ಹಾಲೇಶನೇ. ಗೌರೀಶ ಕರೆಂಟು ಕಂಬದಿಂದ ಜಾರಿ ಬಿದ್ದ ಲೈನ್‌ಮನ್. ಬಲಗಾಲಿಗೆ ಪ್ಲಾಸ್ಟರ್ ಹಾಕಿದ್ದೂ ತೆಗೆದದ್ದೂ ಹಾಲೇಶ. ಆಮೇಲೊಂದು ದಿನ ಗೌರೀಶನ ತಾಯಿ ಹನುಮಂತಮ್ಮ ಆಸ್ಪತ್ರೆಗೆ ಬಂದು, "ಯಪ್ಪಾ, ಮಾರಿ ಗ್ವಾಡಿಗೆ ಮಾಡಿ ಮಲಗಿಬಿಟ್ಟಾನ. ನನ್ನ ಜೋಡಿನೂ ಮಾತಿಲ್ಲ. ನೀನರ ಎಲ್ಲ್ಯಾರ ಕರಕೊಂಡು ಹೋಗು" ಎಂದು ಸೆರಗು ಬಾಯಿಗಿಟ್ಟಳು. ಹಾಗೆ ಬಂದ ಗೌರೀಶ ಆಟದಲ್ಲಿ ದುರುಗಪ್ಪ ನಾಯಕನೆಂಬ ಕೋಟೆಯ ದಳವಾಯಿಯಾದ. ಎರಡನೇ ವಾರಕ್ಕೇ ಅವನ ಗರ್ಜನೆಗೆ ಅಂಗಡಿಯ ಗಿರಾಕಿಗಳು ಬೆಚ್ಚತೊಡಗಿದರು. ಈ ಕೋಣೆ ತಪ್ಪಿದರೆ ಅವನು ಮತ್ತೆ ಆ ಗೋಡೆಗೇ ಮುಖ ಮಾಡುತ್ತಾನೆಂಬುದು ಹಾಲೇಶನಿಗೆ ಗೊತ್ತಿತ್ತು.

ಆ ಭಾನುವಾರ ಶತ್ರುಗಳು ಕೋಟೆಗೆ ಏಣಿ ಹಚ್ಚಿದರು. ನಾಯಕ ಏಣಿ ದೂಡಲು ಬಗ್ಗಿದ. ಗೌರೀಶ ಎಸೆದ ಆರೂ ಕವಡೆ ಬೋರಲು ಬಿದ್ದವು.

"ಬುರುಜಿನಿಂದ ಜಾರಿ ಬಿದ್ದ," ಎಂದ ಹಾಲೇಶ, ಕಥೆಯ ಹುರುಪಿನಲ್ಲಿ. "ಬಲಗಾಲು ಕೆಳಗ ಸಿಕ್ಕೊಂತು. ಮೊಣಕಾಲ ಕೆಳಗಿನ ಎರಡೂ ಎಲುವು..."

ಅಲ್ಲಿಗೆ ನಾಲಿಗೆ ನಿಂತಿತು. ಆದರೆ ಕೈಗೆ ಬುದ್ಧಿ ಎಲ್ಲಿದೆ? ಅದು ಅಭ್ಯಾಸದಂತೆ ಚೀಲದಿಂದ ಬ್ಯಾಂಡೇಜು ತೆಗೆದು, ಒಂದು ಮೊಳ ಬಿಚ್ಚಿ, ಗೌರೀಶನ ಬಲಗಾಲಿನ ಕಡೆ ಹೊರಟಿತ್ತು.

ಗೌರೀಶ ಪ್ಯಾಂಟು ಮೇಲೇರಿಸಿ ಕಾಲು ಚಾಚಿದ. "ಕಟ್ಟು."

"ಇದೊಂದ್ ಸಲ ಬಿಡೋಣು," ಎಂದು ಹಾಲೇಶ ತಡವರಿಸಿದ. "ಪೆಟ್ಟ ಆಗಿಲ್ಲ ಅನ್ನೋಣು."

"ಹೌದ್ರಿ, ಹುಲ್ಲಿನ ಬಣವಿ ಮ್ಯಾಲೆ ಬಿದ್ದಾನ," ಎಂದರು ವಾಣಿಶ್ರೀ ಗಡಬಡಿಸಿ.

"ಬುರುಜಿನ ಬುಡಕ ಬಣವಿ ಯಾರು ಒಟ್ಟಿದ್ರಿ ಟೀಚರ?" ಎಂದ ಹುಸೇನಬಾಷಾ, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

"ಟೀಚರಿಗೆ ಕಟ್ಟಿದಿ. ಬಾಷಾನ ತಲಿಗೆ ಕಟ್ಟಿದಿ," ಎಂದ ಗೌರೀಶ ಮೆಲ್ಲಗೆ. "ನನಗಷ್ಟ ಬಣವಿ ಏನು ಹಾಲೇಶಣ್ಣಾ? ಅಯ್ಯೋ ಪಾಪ ಅನ್ನಾಕ ಮನ್ಯಾಗ ಅವ್ವ ಅದಾಳ." ಎದ್ದು ಹೊರಡುವವನಂತೆ ಅವನ ಕೈ ಗೋಡೆಗಾನಿಸಿದ ಊರುಗೋಲಿಗೆ ಹೋಯಿತು.

ಕಟ್ಟಿದರೆ ಗಾಯ ಕೆದರಿದಂತೆ, ಬಿಟ್ಟರೆ ಅವಮಾನ. ಹಾಲೇಶ ನೆಲಕ್ಕೆ ಕೂತು ಕಟ್ಟತೊಡಗಿದ. ಎಷ್ಟೋ ಕಾಲು ಕಟ್ಟಿದವನ ಸುತ್ತು ಹೊಸಬನು ಹಾಕಿದಂತೆ ಸೊಟ್ಟಗಾಯಿತು. ಗೌರೀಶ ಗೋಡೆಯ ರಟ್ಟನ್ನೇ ಓದುತ್ತಿದ್ದ.

"ಮೂರು ತಿಂಗಳು ಮಲಗಬೇಕು ಅಂತ ಬರದೀ. ಆಮ್ಯಾಲೆ?"

"ಓಡ್ತಾನ. ಬರದೈತಲ್ಲ."

"ಯಾರು ಓಡಿದ್ದು ನೋಡೀ ನೀನು? ನನ್ನ ಪ್ಲಾಸ್ಟರ್ ಕೊಯ್ದು ವರ್ಷಾತು. ಓಡೀನೇನು?"

ಪ್ಲಾಸ್ಟರ್ ಕೊಯ್ದ ಮೇಲೆ ರೋಗಿ ಬಾಗಿಲು ದಾಟುತ್ತಾನೆ. ಬಾಗಿಲಾಚೆ ಏನಾಗುತ್ತದೆಂದು ಹಾಲೇಶ ಎಂದೂ ಇಣುಕಿರಲಿಲ್ಲ. ಫೋನಿನವರು ಒಂದು ರಾತ್ರಿ ಕೊಟ್ಟಿದ್ದರು, ತಾನು ಮೂರು ತಿಂಗಳು ಕೊಟ್ಟಿದ್ದ. ಆಮೇಲೆ ನೆಟ್ಟಗಾಗುತ್ತಾನೆಂಬ ಸುಳ್ಳು ಮಾತ್ರ ಒಂದೇ.

"ಈಗ ಶತ್ರುಗಳು ಕೋಟಿ ಬಾಗಲಾ ಮುರಿಯಾಕತ್ಯಾರ," ಎಂದ ಹೇಗೋ. "ನಾಯಕ ಏನ್ ಮಾಡ್ತಾನ?"

ಗೌರೀಶ ಕೋಲು ಬಿಟ್ಟು ಕವಡೆ ಎತ್ತಿಕೊಂಡ. "ಹೊರಸು ತರ್ರಿ. ಬಾಗಲಾ ಎದರಿಗೆ ಹಾಕಿ ನನ್ನ ಮಲಗಸ್ರಿ. ಏಳಾಕ ಆಗಂಗಿಲ್ಲ, ಒದರಾಕ ಆಕ್ಕೈತಿ. ನಾ ಇಲ್ಲೇ ಅದೀನಿ ಅಂತ ಮಂದಿಗೆ ಕೇಳಬೇಕು. ಒಳಗ ಬರೋರು ಮೊದಲ ನನ್ನ ಹೊರಸು ದಾಟಲಿ."

"ನಾಕಕ್ಕ ಕಡಿಮಿ ಬಿದ್ರ ಸಾಯ್ತಾನ," ಎಂದ ಹಾಲೇಶ. "ಬಣವಿ ಇಲ್ಲ."

"ಬ್ಯಾಡ."

ಕವಡೆ ಬಿದ್ದವು. ಮೂರು ಅಂಗಾತ. ಎರಡು ಬೋರಲು. ಕೊನೆಯದು ಹುಸೇನಬಾಷಾನ ಚಹಾ ಗ್ಲಾಸಿಗೆ ತಾಗಿ, ಗಿರಗಿರ ತಿರುಗಿ, ಇನ್ನೇನು ಮಗುಚಿತು ಅನ್ನುವಾಗ ಅಂಗಾತವಾಗಿ ನಿಂತಿತು.

ವಾಣಿಶ್ರೀ ಚೀರಿದ ರಭಸಕ್ಕೆ ಅಂಗಡಿಯ ಗಿರಾಕಿಯೊಬ್ಬ ಒಳಗೆ ತಲೆ ಹಾಕಿದ. "ಏನಾತ್ರೀ, ಕರೆಂಟ್ ಹೊಡೀತೇನು?"

"ಕೋಟಿ ಉಳೀತಪಾ, ಹೋಗು," ಎಂದ ಹುಸೇನಬಾಷಾ.

ಹಾಲೇಶ ಗೋಡೆಯ ರಟ್ಟು ಕಿತ್ತು ತೊಡೆಯ ಮೇಲಿಟ್ಟುಕೊಂಡು 'ಓಡುತ್ತಾನೆ' ಎಂಬುದನ್ನು ಹೊಡೆದುಹಾಕಿದ. "ಪ್ಲಾಸ್ಟರ್ ತಗದಮ್ಯಾಲೆ ಏನಾಕ್ಕೈತಿ? ನೀನ ಹೇಳು."

ಗೌರೀಶ ಸೊಟ್ಟ ಬ್ಯಾಂಡೇಜನ್ನು ಬೆರಳಿಂದ ಸವರಿದ. "ಮೊದಲ, ಕಾಲು ನಮ್ಮದಲ್ಲ ಅನಸತೈತಿ. ಬ್ಯಾರೆ ಯಾರದೋ ತಂದು ಹಚ್ಯಾರ ಅಂತ. ಬರಕೋ." ಹಾಲೇಶ ಬರೆದುಕೊಂಡ. "ಪಾವಟಿಗಿ ಹತ್ತೂದು ಹೆಂಗೋ ಆಕ್ಕೈತಿ. ಇಳಿಯೂದು ಕಠಿಣ."

"ಆಮ್ಯಾಲೆ?" ಎಂದರು ವಾಣಿಶ್ರೀ.

"ಉಳದದ್ದು ಬರೋ ಐತವಾರ, ಟೀಚರ. ನಾಯಕ ಮೂರು ತಿಂಗಳು ಹೊರಸಿನ ಮ್ಯಾಲೆ ಇರ್ತಾನ. ಅವಸರ ಏನೈತಿ?"