ಶಿವಲಿಂಗಪ್ಪನವರು ಸುತ್ತಿದ ರುಮಾಲು

ಬನಹಟ್ಟಿಯ ಶಿವಲಿಂಗಪ್ಪನವರು ಎದುರಿಗೆ ಬಂದವರ ಮುಖ ನೋಡುವ ಮೊದಲು ತಲೆ ನೋಡುತ್ತಿದ್ದರು. ಬರಿತಲೆ ಕಂಡರೆ ಅವರಿಗೆ ಕೈ ತಡೆಯುತ್ತಿರಲಿಲ್ಲ. ಇದ್ದದ್ದು ನಾಲ್ಕೇ ಮಗ್ಗ. ಆದರೂ ಅವರ ಮನೆಗೆ ಹೋದವರು ಉಡುಗೊರೆಯಾಗಿ ಆಯೇರದ ರುಮಾಲು ಸುತ್ತಿಸಿಕೊಂಡೇ ಹೊರಬರುತ್ತಿದ್ದರು.

ಮುಂಬೈ ಸರ್ಕಾರದ ಕಾಲದಲ್ಲಿ ಮೊದಲ ಚುನಾವಣೆ ಬಂದಾಗ ಇವರು ಪಕ್ಷೇತರರಾಗಿ ನಿಂತರು. ಡಿಪಾಜಿಟ್ಟಿಗಾಗಿ ಹೆಂಡತಿ ಗಂಗವ್ವನ ಬಂಗಾರದ ಪಾಟಲಿ ಬಳೆಗಳು ಜಮಖಂಡಿಯ ಸರಾಫನಲ್ಲಿ ಒತ್ತೆ ಬಿದ್ದವು. ಸೋತರೂ ಒಂದಿಷ್ಟು ಓಟು ಬಿದ್ದರೆ ಸಾಕು, ಡಿಪಾಜಿಟ್ಟೂ ಪಾಟಲಿಯೂ ವಾಪಸು ಬರುತ್ತವೆ ಎಂದು ಆಕೆಗೆ ಮಾತು ಕೊಟ್ಟವನು ಏಜೆಂಟನಾದ ನಾನು. ಅಂದಿನಿಂದ ನನಗೆ ನಿದ್ದೆಯಿಲ್ಲ. ಮೊದಲೂ ಇರಲಿಲ್ಲ, ಆದರೆ ಈಗ ಕಾರಣ ಸಿಕ್ಕಿತ್ತು.

ನೇಕಾರರು ಪ್ರೀತಿಯಿಂದಲೇ ವಂತಿಗೆ ಕೊಟ್ಟರು. ಶಿವಲಿಂಗಪ್ಪನವರು ಕೊಟ್ಟವನಿಗೆಲ್ಲ ಅಷ್ಟೇ ಬೆಲೆಯ ರುಮಾಲು ಸುತ್ತಿ ಕಳಿಸಿದರು. ಹೀಗಾದರೆ ಪ್ರಚಾರಕ್ಕೆ ಏನು ಉಳಿಯುತ್ತದೆ ಎಂದು ಗೋಗರೆದೆ.

"ಇಸಗೊಂಡು ಸುಮ್ನ ಕುಂಡರಾಕ ಇದೇನ ಕಂದಾಯೇನೋ ತಮ್ಮಾ? ಮಂದಿ ಮಾಡಿದ ಆಯೇರ ಐತಿ. ತಿರುಗಿ ಮಾಡಬೇಕು."

ಕರಪತ್ರ ಅಚ್ಚಾಗಲಿಲ್ಲ. ಬಾಡಿಗೆ ಮೋಟಾರು ಪೆಟ್ರೋಲಿಲ್ಲದೆ ಲೋಕಾಪುರದಲ್ಲಿ ನಿಂತಿತು. ಹುನ್ನೂರಿಗೆ ಚಕ್ಕಡಿಯಲ್ಲಿ ಹೋದೆವು. ಅಲ್ಲಿ ಚಹಾ ಕುಡಿಸಿದವನಿಗೂ ಒಂದು ರುಮಾಲು.

ಕೊನೆಯ ವಾರ ಎದುರಾಳಿ, ಜಮಖಂಡಿಯ ವಕೀಲರು, ಓಟು ಕೇಳುತ್ತ ನಮ್ಮ ಓಣಿಗೆ ಬಂದರು. ಮರ್ಯಾದೆಗೆಂದು ಶಿವಲಿಂಗಪ್ಪನವರ ಬಾಗಿಲಲ್ಲೂ ನಿಂತರು. ಬರಿತಲೆ! ನಾನು ಹಿಂದಿನಿಂದ ಮಾಡಿದ ಕೈಸನ್ನೆಗಳು ಗಾಳಿ ಹಾಕಿದಂತಾದವು. ಶಿವಲಿಂಗಪ್ಪನವರು ಜರಿಯಂಚಿನ ರುಮಾಲು ತಂದು ಊರೆದುರಿಗೆ ತಾವೇ ವಕೀಲರಿಗೆ ಸುತ್ತಿದರು. ನಮ್ಮ ಕಡೆ ಹಿರಿಯರು ನಾಲ್ಕು ಮಂದಿಯ ಮುಂದೆ ಒಬ್ಬನಿಗೆ ರುಮಾಲು ಸುತ್ತಿದರೆ ಯಜಮಾನಿಕೆ ಅವನಿಗೆ ಒಪ್ಪಿಸಿದ ಹಾಗೆ. ಸಂಜೆಯೊಳಗೆ ರಬಕವಿಗೂ ಸುದ್ದಿ ಮುಟ್ಟಿತು: ಶಿವಲಿಂಗಪ್ಪ ಕಣ ಬಿಟ್ಟು ಕೂತರು, ಓಟು ವಕೀಲರಿಗೆ.

ನಾನು ತಲೆ ಚಚ್ಚಿಕೊಂಡೆ. "ಬರಿತಲೀಲೆ ಕಳಸಲೇನಲೇ?" ಎಂದರು ಅವರು. "ವೈರಿ ಖರೆ, ಆದ್ರ ಮನಿಗೆ ಬಂದಾನ."

ಮತದಾನದ ದಿನ ವಂತಿಗೆ ಕೊಟ್ಟವರೆಲ್ಲ ಅವರದೇ ರುಮಾಲು ಸುತ್ತಿಕೊಂಡು ಹೋಗಿ ವಕೀಲರ ಗುರುತಿನ ಪೆಟ್ಟಿಗೆಗೆ ಓಟು ಹಾಕಿದರು. ಬಂದು ಹೆಮ್ಮೆಯಿಂದ ವರದಿಯನ್ನೂ ಒಪ್ಪಿಸಿದರು: "ನೀವು ಹೇಳಿದಂಗ ಮಾಡೇವ್ರಿ." ಡಿಪಾಜಿಟ್ಟು ಹೋಯಿತು. ಶಿವಲಿಂಗಪ್ಪನವರು ವರದಿ ತಂದವರಿಗೆ ಚುರುಮುರಿ ತಿನ್ನಿಸಿ ಕಳಿಸಿದರು.

ಮೊನ್ನೆ ಅವರು ತೀರಿಕೊಂಡರು. ರೂಢಿಯಂತೆ ಮಗನಿಗೆ ದುಃಖದ ಆಯೇರ ಮಾಡಲು ಸುತ್ತಲ ಊರೆಲ್ಲ ಬಂತು, ವಕೀಲರೂ ಬಂದರು. ಪಡಸಾಲೆಯಲ್ಲಿ ರುಮಾಲುಗಳು ಎದೆಮಟ್ಟ ಬೆಳೆದವು. ಗಂಗವ್ವ ಬರಿದಾದ ಮುಂಗೈ ಸವರಿಕೊಳ್ಳುತ್ತ ನನ್ನತ್ತ ತಿರುಗಿದಳು.

"ಕೊಟ್ಟೂವೆಲ್ಲಾ ತಿರುಗಿ ಬಂದೂವು ತಮ್ಮಾ. ನೀ ಹೇಳಿದ ಪಾಟಲಿ ಅಷ್ಟ ಬರಲಿಲ್ಲ ನೋಡು."

ಅಷ್ಟರಲ್ಲಿ ಮಗ, ಕಣ್ಣೊರೆಸಿಕೊಂಡು, ರಾಶಿಯಿಂದ ಒಂದು ರುಮಾಲು ಎತ್ತಿ ನನ್ನ ಬರಿತಲೆ ನೋಡುತ್ತ ಎದ್ದು ಬಂದ.