ಪುಸ್ತಕದೊಳಗಿನ ಬೆರಳು

ಮೈದಾ ಅಂಟಿನ ವಾಸನೆ ಬಂದರೆ ನಾನು ಇಂದಿಗೂ ದೂರ ಸರಿಯುತ್ತೇನೆ. ಹೋದ ವಾರ ವಿಜಯನಗರದ ಮಾರುಕಟ್ಟೆಯ ಹತ್ತಿರ ಹಳೆ ಪುಸ್ತಕಗಳ ರಾಶಿಯನ್ನು ದಾಟುವಾಗ ಅದೇ ಹುಳಿ ವಾಸನೆ ಮೂಗಿಗೆ ಅಡರಿತು. ಹೈಸ್ಕೂಲಿನಲ್ಲಿ ಓದಲೇಬೇಕೆಂದು ಇಟ್ಟಿದ್ದ ಹಳೆಯ, ಹೆಸರಾಂತ ಕಾದಂಬರಿಗಳಿಗೆ ಚಿಕ್ಕಪ್ಪ ಕ್ಯಾಲೆಂಡರ್ ಹಾಳೆಯ ಹೊದಿಕೆ ಅಂಟಿಸಿ ಕೊಡುತ್ತಿದ್ದರು. ನಿಮಗೂ ಅಂಥ ಪುಸ್ತಕವೊಂದು ಇದ್ದೀತು. ನೆನೆದರೆ ಈಗಿಲ್ಲದ ಯಾವುದೋ ಮನೆ, ಯಾವುದೋ ಸಂಜೆ ಮರಳಿ ಬಂದೀತು. ನನಗೆ ಬರುವ ಸಂಜೆ ಮಾತ್ರ ಹೇಸಿಗೆಯದು.

ಓದಿಗಾಗಿ ನನ್ನನ್ನು ವಿಜಯನಗರದ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಕೆಂಪು ನೆಲದ, ಮುಂಬಾಗಿಲ ಬದಿಗೇ ನೀರಿನ ಸಂಪ್ ಇದ್ದ ಪುಟ್ಟ ಮನೆ. ಚಿಕ್ಕಪ್ಪ ಕನ್ನಡ ಮೇಷ್ಟ್ರು. ದೇವರ ದೀಪ ಹಚ್ಚಿದ ಮೇಲೆ ಹಣೆಗೆ ವಿಭೂತಿ ಧರಿಸಿ ಕಾದಂಬರಿಯನ್ನು ಗಟ್ಟಿಯಾಗಿ ಓದುವುದು ಅವರ ಪದ್ಧತಿ. ನಾನು ಚಕ್ಕಳಮಕ್ಕಳ ಕೂತು ಕೇಳಬೇಕು, ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕು. ನಡುವೆ ಒಂದು ಚಮಚವೂ ಸದ್ದು ಮಾಡಬಾರದು. ಆ ವರ್ಷದ ಕಾದಂಬರಿಯಲ್ಲಿ ಗಂಡನ ಕಾಟ ತಾಳಲಾರದೆ ಹೆಂಗಸೊಬ್ಬಳು ಬಾವಿಗೆ ಬೀಳುತ್ತಾಳೆ. ಆಕೆಯ ಕಷ್ಟ ಓದುವಾಗ ಚಿಕ್ಕಪ್ಪ ಅತ್ತುಬಿಡುತ್ತಿದ್ದರು. "ನೋಡು ಪುಟ್ಟಿ, ಸಾಹಿತ್ಯ ಅಂದ್ರೆ ಇದು. ಕಲ್ಲೂ ಕರಗ್ಬೇಕು," ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅದೇ ಕೈಯ ಬಾಸುಂಡೆ ಚಿಕ್ಕಮ್ಮನ ತೋಳಿನ ಮೇಲೆ ಇರುತ್ತಿತ್ತು.

ಅಂದು ಓದು ರಂಗೇರಿದ್ದಾಗ ನಲ್ಲಿಯಲ್ಲಿ ನೀರು ಬಂತು. ಚಿಕ್ಕಮ್ಮ ಹೊರಗೋಡಿ ಸಂಪಿನ ಕಬ್ಬಿಣದ ಮುಚ್ಚಳ ಎಳೆದರು. ಆ ಕರ್ಕಶ ಸದ್ದಿಗೆ ಓದು ನಿಂತಿತು.

"ಲೇ, ಸೂಕ್ಷ್ಮ ಅನ್ನೋದೇ ಇಲ್ವೇನೇ ನಿಂಗೆ?"

"ನೀರು ಬಂದೈತ್ರಿ. ಈಗ ಹಿಡೀಲಿಲ್ಲಂದ್ರ ನಾಳೆ ಜಳಕಕ್ಕ ನಿಮ್ಮ ಸಾಹಿತ್ಯಾನ ಸುರಕೋಬೇಕಾಗ್ತದ," ಎಂದರು ಚಿಕ್ಕಮ್ಮ. ಹಾವೇರಿ ಕಡೆಯವರು, ಅಪರೂಪಕ್ಕೆ ನಾಲಿಗೆ ಹೀಗೆ ಮೊನಚಾಗುತ್ತಿತ್ತು. ನನಗೆ ನಗು ಬಂತು. ಚಿಕ್ಕಪ್ಪ ಎದ್ದು ಹೋಗಿ ಒಂದೇ ಕೈಯಲ್ಲಿ ಅವರನ್ನು ತಳ್ಳಿದರು.

ನಾನು ಓಡಿಹೋಗಿ ನೋಡಿದರೆ ಸಂಪಿನ ಬಾಯಿಯ ಬಳಿ ಚಿಕ್ಕಮ್ಮ ಇರಲಿಲ್ಲ. ಒಳಗಿನ ಕತ್ತಲಲ್ಲಿ ನೀರು ಬಡಿದಾಡುವ ಸದ್ದಷ್ಟೇ ಕೇಳಿತು. ನಾನು ಬೋರಲು ಬಿದ್ದು ಕೈ ಇಳಿಬಿಟ್ಟೆ. ಮೊದಲು ಸಿಕ್ಕಿದ್ದು ಕೂದಲು, ಆಮೇಲೆ ಮಣಿಕಟ್ಟು. ಅದು ಜಾರುತ್ತಿತ್ತು. ಇಂದಿಗೂ ಬಸ್ಸಿನ ಕಂಬಿ ಹಿಡಿದಾಗ ಆ ಒದ್ದೆ ಮಣಿಕಟ್ಟು ನನ್ನ ಅಂಗೈಯಿಂದ ಜಾರುತ್ತದೆ. "ಚಿಕ್ಕಪ್ಪಾ, ಹಿಡ್ಕೊಳ್ಳಿ!" ಎಂದು ಕಿರುಚಿ ತಿರುಗಿದರೆ ಅವರು ಅಲ್ಲೇ ನಿಂತಿದ್ದರು, ಓದುತ್ತಿದ್ದ ಪುಟ ತಪ್ಪದಿರಲೆಂದು ಪುಸ್ತಕದೊಳಗೆ ಬೆರಳಿಟ್ಟುಕೊಂಡು. ಆ ಬೆರಳನ್ನು ಅವರು ತೆಗೆಯಲಿಲ್ಲ. ಎದುರುಮನೆಯ ಆಂಟಿ ಓಡಿಬಂದು ನನ್ನ ಜೊತೆ ಎಳೆದದ್ದರಿಂದ ಚಿಕ್ಕಮ್ಮ ಮೇಲೆ ಬಂದರು. "ಕಾಲು ಜಾರ್ತು, ಪಾಪ. ಹುಷಾರು ಅಂತ ಎಷ್ಟು ಸಲ ಹೇಳಿದೀನಿ," ಎಂದು ಚಿಕ್ಕಪ್ಪ ಆಂಟಿಗೆ ಹೇಳಿದರು. ಮರುದಿನ ಸಂಜೆ ಅದೇ ಪುಟದಿಂದ ಓದು ಮುಂದುವರಿಯಿತು. ಚಿಕ್ಕಪ್ಪನ ಅಳುವೂ ಮುಂದುವರಿಯಿತು.

ಅದಾದ ಮೇಲೊಂದು ಬೆಳಿಗ್ಗೆ ನನಗೆ ಜಡೆ ಹಾಕುತ್ತಾ ಚಿಕ್ಕಮ್ಮ ಕೇಳಿದರು: "ಆ ಕಥ್ಯಾಗ ಬಾವಿಗೆ ಬಿದ್ದಾಕಿ ಉಳೀತಾಳೇನ?"

"ಇಲ್ಲ ಚಿಕ್ಕಮ್ಮ. ಸತ್ತೋಗ್ತಾಳೆ. ಆಮೇಲೆ ಗಂಡ ತುಂಬಾ ಅಳ್ತಾನೆ."

"ಅಳ್ತಾನ, ಅಳ್ತಾನ," ಎಂದು ಜಡೆಯನ್ನು ಬಿಗಿಯಾಗಿ ಎಳೆದರು. ಬೇಸಿಗೆ ರಜೆಗೆ ತವರಿಗೆ ಹೋದವರು ಮರಳಿ ಬರಲೇ ಇಲ್ಲ.

ಚಿಕ್ಕಪ್ಪನಿಗೆ ನಿವೃತ್ತಿಯ ದಿನ ಶಾಲು ಹೊದಿಸಿದರು. ಮೃದು ಹೃದಯಿ ಎಂದು ಹೊಗಳಿದರು. ಆ ಮನೆ ಕೆಡವಿ ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಕಾಲೇಜಿನ ದಿನಗಳಲ್ಲಿ ಒಮ್ಮೆ ಹಾವೇರಿಗೆ ಹೋಗಿದ್ದೆ. ಚಿಕ್ಕಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಾ, ಯಾರದೋ ಮಾತಿಗೆ ತಲೆ ಹಿಂದಕ್ಕೆ ಚೆಲ್ಲಿ ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದರು. ಅವರ ನಗು ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಹೋದ ವರ್ಷ ಚಿಕ್ಕಮ್ಮ ತೀರಿಕೊಂಡರು, ಆ ನಗುವೂ ನಿಂತಿತು.