ಒಂದೊಂದೂ ಮಿತಿಯೊಳಗೆ

ಅರಸೀಕೆರೆಯ ಹೊರಗಿನ ಒಂದು ಸಣ್ಣ ಗಾರ್ಮೆಂಟ್ಸ್‌ನಲ್ಲಿ ನಾನು ಸೂಪರ್‌ವೈಸರ್. ನನ್ನ ಅತ್ತಿಗೆ ಅಲ್ಲೇ ಕಲೆ ತೆಗೆಯುವ ಕೋಣೆಯಲ್ಲಿ. ಎಣ್ಣೆ ಕಲೆಗೆ ಒಂದು ದ್ರಾವಣ, ಇಂಕಿಗೆ ಇನ್ನೊಂದು, ಅಂಟಿಗೆ ಥಿನ್ನರ್. ಧೂಳು ಬರುತ್ತದೆಂದು ಕಿಟಕಿಗೆ ಮೊಳೆ ಹೊಡೆದಿದ್ದರು. ಬಟ್ಟೆಯ ಮೇಲೆ ಅಷ್ಟು ಪ್ರೀತಿ! ಅತ್ತಿಗೆಗೆ ಸಂಜೆಯಾದರೆ ತಲೆಸುತ್ತು. ಬರಬರುತ್ತಾ ಒಗ್ಗರಣೆ ಸೀದರೂ ತಿಳಿಯದಂತಾಯಿತು. ಗಾಳಿ ಹೊರಗೆಳೆಯುವ ಫ್ಯಾನ್ ಹಾಕಿಸಿ ಎಂದು ಗೋಗರೆದೆ. ಮಾಲೀಕರು ಫ್ಯಾನಿನ ಬದಲು ಗಾಳಿ ಪರೀಕ್ಷಿಸುವ ತಜ್ಞರನ್ನು ತರಿಸಿದರು.

ತಜ್ಞರು ಅತ್ತಿಗೆಯ ಕೋಟಿನ ಕಾಲರಿಗೆ ಕೊಳವೆ ಸಿಕ್ಕಿಸಿ ದಿನವಿಡೀ ಗಾಳಿ ಹಿಡಿದುಕೊಂಡು ಹೋದರು. ಆಮೇಲೊಂದು ದಿನ ಫಲ ಹೇಳಲು ಬಂದರು.

"ಗಾಳಿಯಲ್ಲಿ ಮೂರು ದ್ರಾವಣಗಳ ಆವಿಯೂ ತಂತಮ್ಮ ಮಿತಿಯ ಅರ್ಧದಷ್ಟೇ ಇದೆ. ಫ್ಯಾನ್ ಬೇಕಾಗಿಲ್ಲ."

ಮೂರೂ ತಲೆಗೇ ಏರುವ ಸರಕು. ಅಂಥವು ಮಿತಿಯ ಎಷ್ಟೆಷ್ಟು ಪಾಲು ಮುಟ್ಟಿವೆಯೆಂದು ನೋಡಿ, ಆ ಪಾಲುಗಳನ್ನು ಕೂಡಬೇಕು, ಮೊತ್ತ ಒಂದನ್ನು ದಾಟಬಾರದು ಎಂದು ಸುರಕ್ಷತೆಯ ತರಬೇತಿಯಲ್ಲಿ ನನಗೇ ಹೇಳಿಕೊಟ್ಟಿದ್ದರು. ಮೂರು ಅರ್ಧ ಸೇರಿದರೆ ಒಂದೂವರೆ. ಇದಕ್ಕೆ ಡಿಗ್ರಿ ಬೇಕೇ? ನಮ್ಮ ಹಾರನಹಳ್ಳಿ ಟೆಂಪೋದಲ್ಲಿ ಒಬ್ಬೊಬ್ಬರನ್ನೇ ತೂಗಿದರೆ ಯಾರೂ ಭಾರವಿಲ್ಲ; ಆದರೂ ಏರಿನಲ್ಲಿ ಅದು ಏದುಸಿರು ಬಿಡುತ್ತದೆ. ಹಾಗೇ ಹೇಳಿದೆ.

"ಅವೆಲ್ಲ ಪುಸ್ತಕದ ಮಾತು ಕಣಮ್ಮ" ಎಂದರು, ಪುಸ್ತಕ ಓದಿಯೇ ತಜ್ಞರಾದ ಮಹಾನುಭಾವರು.

ಮಾಲೀಕರಿಗೆ ಸಂತೋಷವಾಗಿ ಊಟ ಹಾಕಿಸಿದರು. ದೊಡ್ಡವರು ಬಂದರೆ ಅಡುಗೆಯೂ ನಮ್ಮ ಹೆಂಗಸರ ತಲೆಗೇ. ಆ ದಿನ ಪಾಯಸ ಅತ್ತಿಗೆಯದು. ಎಲೆಗೆ ಒಬ್ಬಟ್ಟು ಬಂತು, ಲಾಡು ಬಂತು. ತಜ್ಞರು ಕೈ ಅಡ್ಡ ಹಿಡಿದರು.

"ಶುಗರ್ ಇದೆ ನಂಗೆ. ಒಂದೊಂದು ಚೂರು ಅಂತ ಎಲ್ಲಾ ತಿಂದ್ರೆ, ಒಟ್ಟು ಸೇರಿ ಏರ್ಬಿಡುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಹೊಟ್ಟೆಗೆ ಕೂಡೋ ಲೆಕ್ಕ ಬರುತ್ತಲ್ಲ ಸಾರ್, ನಮ್ಮ ಮೂಗಿಗೆ ಯಾಕ್ ಬರಲ್ಲ?"

ಮಾಲೀಕರು ಕೆಮ್ಮಿದರು. ತಜ್ಞರು ನಕ್ಕು, ಮಾತು ಮರೆಸಲು ಪಾಯಸದ ಲೋಟ ಎತ್ತಿದರು. ಬಾಯಿಗಿಡುವ ಮೊದಲೇ ಮೂಗು ಮುರಿದರು.

"ತಳ ಹತ್ತಿದೆಯಲ್ಲ! ಯಾರು ಮಾಡಿದ್ದು?"

ನನಗೆ ಆಗಲೇ ವಾಸನೆ ಬಡಿದಿತ್ತು. ಅತ್ತಿಗೆಯ ಮರ್ಯಾದೆ ಹೋದೀತೆಂದು ಬಾಯಿ ಬಿಟ್ಟಿರಲಿಲ್ಲ. ಸೌಟು ಹಿಡಿದು ನಿಂತಿದ್ದ ಅತ್ತಿಗೆ ಪಾತ್ರೆಗೆ ಬಗ್ಗಿ ಮೂಸಿದರು. ಮತ್ತೊಮ್ಮೆ ಮೂಸಿ ನನ್ನ ಮುಖ ನೋಡಿದರು.

"ಹೌದೇನೇ? ನಂಗೇನೂ ಬತ್ತಿಲ್ವಲ್ಲೇ."